ಹಾಡಹಗಲೇ ಬಾಗಿಲು ಹಾಕಿಕೊಂಡ ಸೊಸೆ

ಡಿಗ್ರಿ ಮುಗಿಸದವರನ್ನು ನಮ್ಮ ಮದ್ದೂರು ಸೀಮೆಯಲ್ಲಿ ಯಾರೂ ಬೈಯುವುದಿಲ್ಲ. ನೆನಪಿಸುತ್ತಾರೆ, ಅಷ್ಟೆ. ಮದುವೆ ಮನೆಯಲ್ಲಿ ಎಲೆಗೆ ಪಾಯಸ ಬೀಳುವ ಹೊತ್ತಿಗೆ ಸರಿಯಾಗಿ ಯಾರಾದರೊಬ್ಬರು, "ನೀನು ಬೀಕಾಂ ಪೂರಾ ಮಾಡ್ನಿಲ್ವಂತಲ್ಲವ್ವ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹಪ್ಪಳ ಮುರಿಯುತ್ತಾರೆ. ಪೂರಾ ಮಾಡಲಿಲ್ಲ, ನಿಜ. ಭಾರತೀನಗರದ ಕಾಲೇಜಿನಲ್ಲಿ ಎರಡು ವರ್ಷ ಮುಗಿಸಿದ್ದೆ. ಅಷ್ಟರಲ್ಲಿ ಮಳವಳ್ಳಿಯ ನಮ್ಮಪ್ಪನಿಗೆ ಒಳ್ಳೆಯ ಸಂಬಂಧ ಸಿಕ್ಕಿತು. ಒಳ್ಳೆಯ ಸಂಬಂಧ ಕಾಯುವುದಿಲ್ಲವಂತೆ. ಡಿಗ್ರಿಯಾದರೆ ಎಷ್ಟು ವರ್ಷವಾದರೂ ಕಾದಿರುತ್ತದಂತೆ. ಲಗ್ನಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ಬಿ.ಕಾಂ. ಎಂದು ಅಚ್ಚು ಹಾಕಿಸಿ, ವಿಶ್ವವಿದ್ಯಾಲಯದ ಉಳಿದ ಕೆಲಸವನ್ನು ಅಪ್ಪನೇ ಪೂರೈಸಿಬಿಟ್ಟ.

ಗೆಜ್ಜಲಗೆರೆಯ ಫ್ಯಾಕ್ಟರಿಯವರು ಮಾತ್ರ ಲಗ್ನಪತ್ರಿಕೆಯನ್ನು ಸರ್ಟಿಫಿಕೇಟ್ ಎಂದು ಒಪ್ಪಲಿಲ್ಲ. ಅಲ್ಲಿ ಬಿಲ್ಲು ಬರೆಯುವ ಟೆಂಪರರಿ ಕೆಲಸ ನನ್ನದು. ಡಿಗ್ರಿ ತಂದರೆ ಪರ್ಮನೆಂಟು, ತರದಿದ್ದರೆ ನಮಸ್ಕಾರ ಅಂದರು. ವಿಚಾರಿಸಿದರೆ, ಹಳೇ ಕಾಲೇಜಿನ ಎರಡು ವರ್ಷವನ್ನು ಕ್ರೆಡಿಟ್ಟು ಎಂದು ಲೆಕ್ಕ ಹಾಕಿ ಇನ್ನೊಂದು ವಿಶ್ವವಿದ್ಯಾಲಯಕ್ಕೆ ವರ್ಗ ಮಾಡಿಸಿಕೊಂಡು, ಮಿಕ್ಕಿದ್ದನ್ನು ಆನ್‌ಲೈನಿನಲ್ಲಿ ಓದಬಹುದೆಂದು ಗೊತ್ತಾಯಿತು. ನಾನು ಪೂರ್ತಿ ಮರೆತಿದ್ದ ಪಾಠಗಳೆಲ್ಲ ಕ್ರೆಡಿಟ್ಟಾಗಿ ಸಲೀಸಾಗಿ ವರ್ಗವಾದವು. ಮರೆಯದೆ ದಿನಾ ಮಾಡುವ ಕೆಲಸ, ಅಂದರೆ ಹಸು ಕರೆದು, ಡೈರಿಗೆ ಹಾಲು ಹಾಕಿ, ಮನೆಮಂದಿಗೆಲ್ಲ ಮುದ್ದೆ ಕಟ್ಟಿಟ್ಟು ಬಸ್ಸು ಹಿಡಿಯುವುದು, ಅದಕ್ಕೆ ಅರ್ಧ ಕ್ರೆಡಿಟ್ಟೂ ಇಲ್ಲ. ಇರಲಿ ಬಿಡಿ, ವಿದ್ವಾಂಸರ ಲೆಕ್ಕ. ಆದರೆ ಆ ಕ್ರೆಡಿಟ್ಟಿಗೂ ಔಷಧಿ ಬಾಟಲಿಯ ಹಾಗೆ ಅವಧಿ ಉಂಟು. ಈ ಸಲ ಕೊನೆಯ ಪೇಪರು ಪಾಸಾಗದಿದ್ದರೆ ಹಳೆಯದೆಲ್ಲ ಹಳಸಿಹೋಗಿ, ಮತ್ತೆ ಒಂದನೇ ವರ್ಷದಿಂದ ಶುರು ಮಾಡಬೇಕು.

ನಮ್ಮತ್ತೆಗೆ ಇದ್ಯಾವುದೂ ಹಿಡಿಸಲಿಲ್ಲ. "ಪೋನ್‌ನಾಗೆ ಡಿಗ್ರಿ ಬರಂಗಿದ್ರೆ ಮುದ್ದೆನೂ ಅದ್ರಾಗೇ ಬರ್ಲಿ ಬುಡು" ಅನ್ನುತ್ತಿದ್ದರು. ನಾನು ಓದಲು ಕೂತಾಗಲೇ ಅವರಿಗೆ ಪಾತ್ರೆಗಳನ್ನು ಜೋಡಿಸಬೇಕು ಅನ್ನಿಸುತ್ತಿತ್ತು. ಅದೂ ಹಿತ್ತಾಳೆಯವು.

ಕೊನೆಯ ಪೇಪರು ಆಡಿಟಿಂಗ್. ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ಬರೆಯಬೇಕು. ಬಾಗಿಲು ಹಾಕಿರಬೇಕು, ಕ್ಯಾಮೆರಾದಲ್ಲಿ ಇನ್ನೊಂದು ಮುಖ ಕಂಡರೆ ಪರೀಕ್ಷೆ ರದ್ದು. ಈ ನಿಯಮ ಮಾಡಿದ ಪುಣ್ಯಾತ್ಮ ನಿಡಘಟ್ಟದ ಆಸುಪಾಸಿನ ಯಾವ ಊರಲ್ಲೂ ಒಂದು ದಿನ ಬಾಳಿದವನಲ್ಲ. ನಮ್ಮಲ್ಲಿ ಹಗಲು ಬಾಗಿಲು ಹಾಕುವುದಿಲ್ಲ. ಮನೆಮಂದಿ ಊರಿಗೆ ಹೋದರೆ ಹೊರಗಿನಿಂದ ಬೀಗ. ಬೀಗವಿಲ್ಲದೆ ಬಾಗಿಲು ಮುಚ್ಚಿದೆ ಎಂದರೆ ಒಳಗೆ ಆಗಬಾರದ್ದು ಆಗಿದೆ ಎಂದೇ ಅರ್ಥ. ಆ ಭಾನುವಾರ ಅತ್ತೆ ಹೊಲಕ್ಕೆ ಹೋಗಿದ್ದರು. ಪಕ್ಕದ ಮನೆಯ ಪುಟ್ಟತಾಯಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಳು, ಮುಚ್ಚಿದ ಬಾಗಿಲು ನೋಡಿದಳು, "ಅಯ್ಯೋ, ಏನ್ ಮಾಡ್ಕಂಬುಟ್ಲೋ!" ಎಂದು ಕೂಗಿ ಬೀದಿಯನ್ನೇ ಸೇರಿಸಿದಳು. ಹಳೇ ಚಿಲಕ ಒಂದೇ ಏಟಿಗೆ ಕಿತ್ತು ಬಂತು. ನಾಲ್ಕು ಹೆಂಗಸರು ಎದೆ ಬಡಿದುಕೊಳ್ಳುತ್ತ ನುಗ್ಗಿ, ನಾನು ಜೀವಂತ ಇರುವುದನ್ನು ಕಂಡು ಕ್ಯಾಮೆರಾದೊಳಕ್ಕೇ ಇಣುಕಿದರು. "ಪರರಿಂದ ಉತ್ತರ ಪಡೆದ ಶಂಕೆ" ಎಂದು ಪರೀಕ್ಷೆ ರದ್ದಾಯಿತು. ಪುಟ್ಟತಾಯಮ್ಮ ನನಗೆ ಆಡಿಟಿಂಗ್ ಹೇಳಿಕೊಟ್ಟಳಂತೆ!

ಗೋಗರೆದ ಮೇಲೆ ಮುಂದಿನ ಭಾನುವಾರ ಇನ್ನೊಂದು ಅವಕಾಶ ಕೊಟ್ಟರು. ಅದೇ ಕಡೆಯದು. ಆ ರಾತ್ರಿ ಒಲೆ ಮುಂದೆ ಕೂತು ಅತ್ತುಬಿಟ್ಟೆ. ಬೇರೆ ಸೊಸೆಯರು ಹೊಗೆಯ ನೆಪ ಹೇಳಬಹುದಿತ್ತು, ನಮ್ಮದು ಗ್ಯಾಸು. ಅತ್ತೆ ನೋಡಿದರು. ಅವತ್ತು ಪಾತ್ರೆ ಜೋಡಿಸಲಿಲ್ಲ.

ಭಾನುವಾರ ಬಾಗಿಲು ಹಾಕಿ, ಹೊಸ ಚಿಲಕ ಸಿಕ್ಕಿಸಿಕೊಂಡೆ. ಯಾರೂ ಬರಲಿಲ್ಲ. ಹೆಪ್ಪಿಗೆ ಬರಲಿಲ್ಲ, ಬೆಂಕಿಪೊಟ್ಟಣಕ್ಕೆ ಬರಲಿಲ್ಲ, ಸುಮ್ಮನೆ ಕೂಡ ಬರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಕಾಣದ ನಿಶ್ಶಬ್ದ! ಬರೆದು ಮುಗಿಸಿ ಬಾಗಿಲು ತೆಗೆದರೆ, ಚೌಕಟ್ಟಿನ ಎರಡೂ ಕಡೆ ಹಸಿ ಬೇವಿನ ಸೊಪ್ಪಿನ ಗೊಂಚಲು. ಜಗಲಿಯ ಮೇಲೆ ಅತ್ತೆ ಮೊರದಲ್ಲಿ ರಾಗಿ ಕೇರುತ್ತ ಕೂತಿದ್ದರು. ಬೀದಿಯ ಆಚೆಗೆ ಪುಟ್ಟತಾಯಮ್ಮ.

"ಜಾಸ್ತಿ ಎದ್ದವಾ?" ಎಂದು ಅವಳು ಅಲ್ಲಿಂದಲೇ ಕೇಳಿದಳು.

"ಮೈ ತುಂಬಾ ಕಣವ್ವ," ಅಂದರು ಅತ್ತೆ, ರಾಗಿಯಿಂದ ಕಣ್ಣೆತ್ತದೆ. ನನ್ನ ಕಡೆ ತಿರುಗಿ, "ಒಳೀಕೆ ನಡಿಯಮ್ಮಿ, ಗಾಳಿ ತಗಲ್ತದೆ!"

ಮೈಮೇಲೆ ಗುಳ್ಳೆ ಎದ್ದರೆ ನಮ್ಮಲ್ಲಿ ಅದನ್ನು ಕಾಯಿಲೆ ಅನ್ನುವುದಿಲ್ಲ, ಮಾರವ್ವ ಮನೆಗೆ ಬಂದಿದ್ದಾಳೆ ಅನ್ನುತ್ತಾರೆ. ಬಾಗಿಲಿಗೆ ಬೇವು ಕಟ್ಟಿದರೆ ಆಮೇಲೆ ಆ ಹೊಸಿಲು ಯಾರೂ ತುಳಿಯುವುದಿಲ್ಲ. ನಮ್ಮತ್ತೆಯೋ, ಬೀದಿಯ ಕೊನೆಯ ಮನೆಯಲ್ಲಿ ಅಮ್ಮ ಆಗಿದ್ದರೂ ಇಲ್ಲಿ ಒಗ್ಗರಣೆ ಹಾಕಲು ಬಿಡದವರು. ಅಂಥವರು ಆಡಿಟಿಂಗ್ ಪೇಪರಿಗಾಗಿ ಮಾರವ್ವನ ಹೆಸರಿನಲ್ಲಿ ಸುಳ್ಳು ಹೇಳಿದ್ದರು.

ಪುಟ್ಟತಾಯಮ್ಮ ಅತ್ತ ಹೋದ ಮೇಲೆ ನನಗೇ ಹೆದರಿಕೆಯಾಯಿತು. "ಅವ್ವ ಮುನಿಸ್ಕೊಂಡ್ರೆ ಏನತ್ತೆ ಗತಿ?" ಅಂದೆ.

"ಮುನಿಸ್ಕಂಡ್ರೆ ನನ್ ಮ್ಯಾಲೆ ತಾನೆ? ತಂಪು ಮಾಡ್ಸಿ ಕಾಲಿಗೆ ಬೀಳ್ತೀನಿ ಬುಡು." ಮೊರ ಕೊಡವಿದರು. "ನನ್ನೂ ಮೂರ್ನೇ ಕ್ಲಾಸ್ಗೇ ಬುಡ್ಸುದ್ರು ಕಣಮ್ಮಿ. ಅವತ್ತು ನಂಗೋಸ್ಕರ ಯಾರೂ ಬಾಗ್ಲಲ್ಲಿ ಕೂತ್ಕಳ್ನಿಲ್ಲ."

ಆಮೇಲೆ ಅಮ್ಮ ಇಳಿಯುವವರೆಗೆ ನಾನು ಕಾಯಿಲೆಯವಳಾಗಿಯೇ ಇರಬೇಕಾಯಿತು. ಮೊಸರನ್ನ ಉಂಡೆ, ಮಲಗಿದೆ, ಫ್ಯಾಕ್ಟರಿಗೆ ರಜೆ ಹಾಕಿದೆ. ಪುಟ್ಟತಾಯಮ್ಮ ಜಗಲಿಯ ಮೇಲೆ ಎಳನೀರು ಇಟ್ಟು ಓಡಿಹೋಗುತ್ತಿದ್ದಳು. ಡಿಗ್ರಿ ಅರ್ಧಕ್ಕೆ ಬಿಟ್ಟ ಮೇಲೆ ಅಷ್ಟು ಸುಖವಾಗಿದ್ದದ್ದು ಅದೇ ಮೊದಲು. ಪಾಸೂ ಆದೆ. ಅತ್ತೆ ಹೇಳಿದಂತೆಯೇ ಮಾರವ್ವನಿಗೆ ತಂಪು ಮಾಡಿಸಿ, ಗುಡಿಯ ಮುಂದೆ ಊರಿಗೆಲ್ಲ ಮೊಸರನ್ನ ಹಂಚಿದರು.

ಈಗ ನಾನು ಪರ್ಮನೆಂಟು. ಬಸ್ಸಿಗೆ ಹೊರಟಾಗಲೆಲ್ಲ ಪುಟ್ಟತಾಯಮ್ಮ ನನ್ನ ಕೆನ್ನೆ ಹಿಡಿದು ನೋಡುತ್ತಾಳೆ. "ಒಂದು ಕಲೆನೂ ಬುಡ್ದಂಗೆ ಇಳುದ್ಲಲ್ಲವ್ವ ನಮ್ಮವ್ವ, ಎಂಥಾ ತಾಯಿ!" ಅನ್ನುತ್ತಾಳೆ. ಹೌದೆಂದು ನಾನು ಕೈ ಮುಗಿಯುತ್ತೇನೆ. ನಾನು ಮುಗಿಯುವುದು ಗುಡಿಯ ದಿಕ್ಕಿಗಲ್ಲ, ನಮ್ಮ ಮನೆಯ ಜಗಲಿಯ ದಿಕ್ಕಿಗೆ ಎಂಬುದನ್ನು ಅವಳು ಇನ್ನೂ ಗಮನಿಸಿಲ್ಲ.