ಕಡವಿನಲ್ಲಿ ಯಾರೂ ಕೇಳದ ಪ್ರಶ್ನೆ

ಮಂಡಿಯ ಆಪರೇಷನ್ ಆದ ಮೇಲೆ ಶಿರ್ತಾಡಿಯ ಮನೆಯಲ್ಲಿ ಕುಳಿತಲ್ಲೇ ಕುಳಿತಿದ್ದ ನನಗೆ, ಮೂಡುಬಿದಿರೆಯ ಕಾಲೇಜಿಗೆ ಹೋಗುವ ಮೊಮ್ಮಗಳು ಮೊಬೈಲಿನಲ್ಲಿ ಒಂದು ಆಟ ಹಾಕಿಕೊಟ್ಟಳು. ಅದರಲ್ಲಿ ಒಬ್ಬೊಬ್ಬರೂ ಒಂದೊಂದು ವೇಷ ಆರಿಸಿಕೊಂಡು, ಎಲ್ಲೆಲ್ಲಿಯೋ ಇರುವವರ ಜೊತೆ ಒಂದೇ ಊರಿನಲ್ಲಿ ಬದುಕಬೇಕು. ಹೆಚ್ಚಿನವರು ಕತ್ತಿ ಹಿಡಿದರು. ನಾನು ಕಡವಿನ ದೋಣಿ ಹಿಡಿದೆ. ಹೊಸಬರನ್ನು ನದಿ ದಾಟಿಸುವುದು, ಆಚೆ ದಡದಲ್ಲಿ ಏನೇನುಂಟು ಎಂದು ಹೇಳುವುದು ನನ್ನ ಕೆಲಸ. ಮಂಡಿ ಗುಣವಾಯಿತು, ದೋಣಿ ಬಿಡಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ ಒಮ್ಮೆ ಕಡವಿಗೆ ಹೋಗದಿದ್ದರೆ ನನಗೆ ಸಮಾಧಾನವೇ ಇಲ್ಲ.

ಒಂದು ಶನಿವಾರ ಮೊಮ್ಮಗಳು ಮುಖ ಸಣ್ಣ ಮಾಡಿಕೊಂಡು ಬಂದಳು.

“ಅಜ್ಜೀ, ನಿಮ್ಮ ಕಡವು ತೆಗೀತಾರಂತೆ. ಸರ್ವೆ ಮಾಡಿದ್ದಾರೆ. ಎಲ್ಲರಿಗೂ ಯುದ್ಧವೇ ಬೇಕಂತೆ. ನಾಳೆ ಆಡುವವರ ಗುಂಪಿನಲ್ಲಿ ಚರ್ಚೆ ಉಂಟು, ಆಟ ಮಾಡಿದ ಕಂಪನಿಯವರೂ ಬರ್ತಾರೆ.”

“ನನ್ನನ್ನು ಯಾರೂ ಕೇಳಲಿಲ್ಲವಲ್ಲ?”

“ಯುದ್ಧ ಮುಗಿದ ಕೂಡಲೇ ಪ್ರಶ್ನೆ ಬರ್ತದೆ. ನಿಮಗೆ ಬರಲಿಲ್ವಾ?”

“ನಾನು ಯಾವಾಗ ಯುದ್ಧಕ್ಕೆ ಹೋಗಿದ್ದೆ ಮಾರಾಯ್ತಿ!”

ಒಂದು ಕಡೆಯವರನ್ನು ಮಾತ್ರ ಕೇಳುವ ಈ ತಪ್ಪನ್ನು ನಾನು ಹಿಂದೆಯೂ ಒಮ್ಮೆ ನೋಡಿದ್ದೆ.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕುಳಿತವಳು ನಾನು. ಒಂದು ವರ್ಷ ಎಲೆ ತೀರಾ ಹಾಳು ಬಂತು. ಸುತ್ತಿದರೆ ಹರಿಯುತ್ತಿತ್ತು. ಎಷ್ಟೋ ಹೆಂಗಸರು ಬೇಸತ್ತು ಗೇರುಬೀಜದ ಫ್ಯಾಕ್ಟರಿಗೆ ಹೋದರು. ಆಮೇಲೆ ಎಲೆ ಕೊಡುವ ಬೀಡಿ ಕಂಪನಿಯ ಬ್ರಾಂಚಿನವ, ಬೀಡಿ ಕೊಡಲು ಸಾಲಿನಲ್ಲಿ ನಿಂತವರನ್ನು “ಎಲೆ ಹೇಗುಂಟು?” ಎಂದು ಕೇಳಿದ. ಹೇಗೋ ಸುಧಾರಿಸಿಕೊಂಡು ಉಳಿದವರು ನಾವು. “ಅಡ್ಡಿ ಇಲ್ಲ” ಎಂದೆವು. ಬಿಟ್ಟುಹೋದವರ ಮನೆಗೆ ಕೇಳಲು ಯಾರೂ ಹೋಗಲಿಲ್ಲ. ಅದೇ ಹಾಳು ಎಲೆ ಮತ್ತೊಂದು ವರ್ಷ ಬಂತು.

ಆದಿತ್ಯವಾರ ಸಂಜೆ ಚರ್ಚೆಗೆ ಮೊಮ್ಮಗಳು ನನ್ನ ಮೈಕ್ ಆನ್ ಮಾಡಿ ಕೊಟ್ಟಳು. ಯಾವಾಗ ಮಾತಾಡುವುದು ಎಂಬ ಅವಸರ ನನಗೆ.

ಬಂಟ್ವಾಳದ ಒಬ್ಬ ಕತ್ತಿಯವ ಶುರು ಮಾಡಿದ: “ಇನ್ನು ಸ್ಪೀಡ್ ಇರುವ ಆಟವೇ ಉಳಿಯುವುದು. ಅಜ್ಜಿಯ ದೋಣಿಯಲ್ಲಿ ಕೂತರೆ ನಿದ್ದೆ ಬರ್ತದೆ.”

“ಮೊದಲ ದಿನ ದಾರಿ ತಪ್ಪಿ ‘ಅಜ್ಜೀ ಅಜ್ಜೀ’ ಅಂತ ಕೂಗುವಾಗ ಬರಲಿಲ್ವಾ ನಿನಗೆ ನಿದ್ದೆ?” ಎಂದೆ. ಎಲ್ಲರೂ ನಕ್ಕರು, ಅವನೂ ನಕ್ಕ.

ಬೀಡಿಯ ಕಥೆ ಹೇಳಿದೆ. “ಯುದ್ಧ ಮಾಡಿ ಬಂದವನನ್ನೇ ಯುದ್ಧ ಬೇಕಾ ಅಂತ ಕೇಳಿದರೆ ಅವ ಬೇಡ ಅಂತಾನಾ? ಕಡವಿನಲ್ಲಿ ಕೇಳಿ. ಸಂತೆಯಲ್ಲಿ ಕೇಳಿ. ಆಟ ಬಿಟ್ಟುಹೋದವರಿಗೂ ಒಂದು ಕಾಗದ ಹಾಕಿ. ಆಮೇಲೆ ಬೇಕಾದರೆ ತೆಗೀರಿ, ನಾನು ಅಳುವುದಿಲ್ಲ.”

ಬೆಂಗಳೂರಿನ ಕಂಪನಿಯವರು ಹೇಳಿದರು: “ಅಜ್ಜಿ, ಇದು ನಮಗೆ ಹೊಳೀಲೇ ಇಲ್ಲ. ಮತ್ತೆ ಕೇಳೋಣ. ಕಡವಲ್ಲಿ ನೀವೇ ಕೇಳ್ತೀರಾ?”

ಮೊಮ್ಮಗಳು ಕುರ್ಚಿಯಿಂದ ಹಾರಿದಳು.

ಒಂದು ತಿಂಗಳು ಕೇಳಿದೆ. ಮೊದಲ ಗಿರಾಕಿಯೇ “ದೋಣಿ ಬಹಳ ನಿಧಾನ, ತೆಗೀರಿ” ಎಂದ. ಹಾಗೆಯೇ ಬರೆದು ಕಳಿಸಿದೆ. “ನದಿಯ ಮಧ್ಯೆ ದೋಣಿ ನಿಲ್ಲಿಸಿ ಕೇಳುವುದು ಅನ್ಯಾಯ ಅಜ್ಜೀ” ಎಂದು ಇನ್ನೊಬ್ಬಳು ಬೈದಳು. ಸರಿಯೇ. ಆಮೇಲೆ ದಡ ಮುಟ್ಟಿಸಿದ ಮೇಲೆಯೇ ಕೇಳಿದೆ.

ಕಂಪನಿಯವರು ಎಲ್ಲ ಕಡೆಯ ಉತ್ತರ ಸೇರಿಸಿ ನೋಡಿದಾಗ ಲೆಕ್ಕ ತಿರುಗಿತ್ತು, ಕಡವು ಬೇಕು ಎಂದವರೇ ಹೆಚ್ಚು. ಕಡವು ಉಳಿಯಿತು. ದೋಣಿಯ ವೇಗ ಮಾತ್ರ ಹೆಚ್ಚಿಸಿದ್ದಾರೆ. ಅದು ನನಗೆ ಹಿಡಿಸಲಿಲ್ಲ. ಹೇಳುವುದು ಅರ್ಧ ಆಗುವಾಗಲೇ ಆಚೆ ದಡ ಬಂದುಬಿಡುತ್ತದೆ.