ಗೇಟಿನ ಮುಂದಿನ ಹಳದಿ ಹೂವು

ತೊಂಬತ್ತರ ದಶಕದಲ್ಲಿ ಕಾಫಿಗೆ ಒಳ್ಳೆಯ ರೇಟು ಬಂದಾಗ ನಮ್ಮ ಕಡೆ ಮನೆಗಳಿಗೆಲ್ಲ ಗೇಟು ಬಂತು. ಗೇಟು ಬಂದ ಮೇಲೆ ಅದರ ಮುಂದೆ ಏನಾದರೂ ಹೂವು ಬಿಡಬೇಕಲ್ಲ. ಹೊಂಗಡಹಳ್ಳದ ಕಡೆಯ ಯಾವುದೋ ಬಂಗಲೆಗೆ ಹೋಗಿದ್ದ ದೊಡ್ಡಪ್ಪ ಒಂದು ಬಳ್ಳಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ತಂದ. ದೊಡ್ಡಮ್ಮ ಹಿಂದೆ ಕೂತಿದ್ದಳು.

ನೆಲದ ಮೇಲೆ ಹರಡುವ ಬಳ್ಳಿ, ಎಣ್ಣೆ ಸವರಿದಂಥ ಎಲೆ, ಪುಟ್ಟ ಸೂರ್ಯಕಾಂತಿಯಂಥ ಹಳದಿ ಹೂವು. ಬೇರೆ ದೇಶದ್ದು ಅನ್ನುವುದೇ ಅದರ ದೊಡ್ಡಸ್ತಿಕೆ.

“ನೀರು ಬ್ಯಾಡ, ಗೊಬ್ಬರ ಬ್ಯಾಡ, ದನನೂ ಬಾಯಿ ಹಾಕಲ್ಲ ಕಣವ್ವ,” ಎಂದು ತನ್ನ ತಾಯಿಗೆ, ಅಂದರೆ ನಮ್ಮಜ್ಜಿಗೆ, ಹೇಳಿದ.

“ದನ ಬಾಯಿ ಹಾಕ್ದೆ ಇರೋದೂ ಒಂದು ಗುಣವೇನ್ಲಾ?” ಅಂದಳು ಅಜ್ಜಿ.

ಅಜ್ಜಿ ಇದ್ದದ್ದು ದೊಡ್ಡಪ್ಪನ ಮನೆಯಿಂದ ಇಳಿಜಾರಿನ ಕೆಳಗೆ, ನಮ್ಮ ಮನೆಯಲ್ಲಿ. ಪಕ್ಕದ ಹಳ್ಳದ ದಂಡೆಯಲ್ಲಿ ಒಂದೆಲಗ ತಾನಾಗಿ ಬೆಳೆಯುತ್ತಿತ್ತು. ಬೆಳಿಗ್ಗೆ ಮಡಿಲಿಗೆ ಅಷ್ಟು ಕುಯ್ದು ತಂದು ಚಟ್ನಿ ಅರೆಯುತ್ತಿದ್ದಳು. ಊರಿನಲ್ಲಿ ಯಾರ ಮಗು ತೊದಲಿದರೂ ಒಂದೆಲಗಕ್ಕೆ ಅವಳ ಹತ್ತಿರವೇ ಬರಬೇಕು. ಆ ದಂಡೆಯೇ ಅವಳ ಆಸ್ತಿ.

ಎರಡು ಮಳೆಗಾಲದಲ್ಲಿ ಬಳ್ಳಿ ದೊಡ್ಡಪ್ಪನ ಅಂಗಳ ನುಂಗಿತು. ಬಂದ ನೆಂಟರೆಲ್ಲ ಒಂದೊಂದು ತುಂಡು ಬೇಡಿ ಒಯ್ದರು. ಆಲೂರಿನವರೆಗೂ ಪುಣ್ಯ ಹಂಚಿಕೆಯಾಯಿತು. ಕೊನೆಗೆ ಜೀಪು ತಿರುಗಿಸಲು ಜಾಗವಿಲ್ಲದಾದಾಗ ಗೇಟಿನ ಮುಂದೆ ಒಂದು ಸಾಲು ಬಿಟ್ಟು ಮಿಕ್ಕಿದ್ದನ್ನೆಲ್ಲ ಕೊಚ್ಚಿಸಿದ. ಒಣಗಿಸಿ ಸುಡಬಹುದಿತ್ತು. ಆದರೆ ಕಾಫಿಯವರ ಬುದ್ಧಿ ನೋಡಿ, ಹಸಿರು ಸೊಪ್ಪು ಕಂಡರೆ ಗಿಡದ ಬುಡಕ್ಕೆ ಹಾಕದೆ ಕೈ ಸುಮ್ಮನಿರುವುದಿಲ್ಲ. ಹಳ್ಳದ ಪಕ್ಕದ ತೋಟಕ್ಕೆಲ್ಲ ಹಾಸಿಸಿದ, ಕೊಳೆತು ಗೊಬ್ಬರವಾಗುತ್ತದಂತೆ. ಅದು ಕೊಳೆಯಲಿಲ್ಲ. ಮಳೆ ಹಿಡಿದದ್ದೇ ಗೆಣ್ಣುಗೆಣ್ಣಿಗೂ ಬೇರು ಬಿಟ್ಟು, ಹಳ್ಳಕ್ಕಿಳಿದು, ದಂಡೆಯುದ್ದಕ್ಕೂ ಚಾಪೆ ಹಾಸಿತು. ಅದರಡಿ ಒಂದೆಲಗವಿರಲಿ, ಗರಿಕೆಗೂ ಉಸಿರಾಡಲಾಗಲಿಲ್ಲ. ಕುಡುಗೋಲು ಹಿಡಿದು ಹೋದ ಅಜ್ಜಿ ಖಾಲಿ ಮಡಿಲಲ್ಲಿ ಬಂದು ಒಲೆ ಮುಂದೆ ಕೂತಳು.

ಒಂದು ಭಾನುವಾರ ದೊಡ್ಡಪ್ಪ ಕಡುಬು ತಿನ್ನಲು ಬಂದ. ತಟ್ಟೆ ನೋಡಿ, ಒಂದೆಲಗದ ಚಟ್ನಿ ಎಲ್ಲಿ ಎಂದು ಕೇಳಿದ.

“ದಂಡೆ ತುಂಬ ನಿನ್ ಹಳದಿ ಹೂವೇ ಐತೆ ಕಣೋ,” ಅಂದಳು ಅಜ್ಜಿ. “ಕಿತ್ಕೊಂಡು ಬಾ, ಅರ್ದು ಹಾಕ್ತೀನಿ.”

ಅವನು ಕಾಯಿಚಟ್ನಿಯಲ್ಲೇ ತಿಂದು ಎದ್ದ. ಮಾರನೆಯ ದಿನ ದಂಡೆ ಕೀಳಿಸಲು ಆಳು ಕಳಿಸಿದ್ದೇನೋ ನಿಜ. ಗೇಟಿನ ಮುಂದಿನ ಸಾಲನ್ನು ಮಾತ್ರ ಮುಟ್ಟಗೊಡಲಿಲ್ಲ. ಮಗಳನ್ನು ನೋಡಲು ಬರುವವರಿದ್ದರಂತೆ. ಮುಂದಿನ ಮಳೆಗೆ ಆ ಸಾಲೇ ಮತ್ತೆ ಹಳ್ಳಕ್ಕಿಳಿಯಿತು.

ಆಮೇಲೆ ನಮ್ಮ ಮನೆಗೆ ಒಂದೆಲಗ ಆಲೂರು ಸಂತೆಯಿಂದ, ದಾರದಲ್ಲಿ ಕಟ್ಟಿಸಿಕೊಂಡು ಬರತೊಡಗಿತು. ಅಜ್ಜಿ ಕಟ್ಟು ಬಿಚ್ಚಿ, ಮೂಸಿ ನೋಡಿ, ಪಕ್ಕಕ್ಕೆ ಸರಿಸುತ್ತಿದ್ದಳು.