ಕಾತ್ಯಾಯಿನಿಯವರು ನಮ್ಮ ಮನೆಯಲ್ಲಿ ಸಾಯಲಿಲ್ಲ

ಮೊನ್ನೆ ಜೆ.ಪಿ. ನಗರದ ಛತ್ರವೊಂದರಲ್ಲಿ ನೆಂಟರ ಮದುವೆ. ಕೈ ತೊಳೆಯುವ ಜಾಗ ಹುಡುಕುತ್ತ ತಪ್ಪಿ ವಧುವಿನ ಕೋಣೆಯ ಬಾಗಿಲಿಗೆ ಹೋಗಿ ನಿಂತೆ. ಒಳಗಿನಿಂದ ಪ್ಯಾನ್‌ಕೇಕಿನ ವಾಸನೆ ಬಂತು. ಮೇಕಪ್ಪಿನವರು ಮುಖಕ್ಕೆ ಬಳಿಯುತ್ತಾರಲ್ಲ, ಅದು. ಯಾರು ಬೇಕಿತ್ತು ಅಂಕಲ್ ಎಂದು ಹುಡುಗಿಯೊಬ್ಬಳು ಕೇಳಿದಳು. ಏನು ಹೇಳಲಿ? ಆ ವಾಸನೆಯಿಂದ ನೆನಪಾದವರು ಹೋದ ವರ್ಷವೇ ತೀರಿಕೊಂಡಿದ್ದರು.

ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಯ ಕೆಳಭಾಗವನ್ನು ಒಂದು ಧಾರಾವಾಹಿಯವರಿಗೆ ಎರಡು ವರ್ಷ ಕೊಟ್ಟಿದ್ದೆವು. ಮೇಲೆ ನಾನು, ನನ್ನ ಹೆಂಡತಿ ಸುಮಿತ್ರಾ; ಕೆಳಗೆ ಟೀವಿಯ ಶ್ರೀಮಂತ ಕುಟುಂಬ. ಅವರು ಹಾಲಿಗೆ ಮಾಡಿಸಿದ ಅಲಂಕಾರ ನೋಡಿದ ಮೇಲೆ, ಮನೆ ಕಟ್ಟಿಸಿದ ನಾನೇ ಒಳಗೆ ಕಾಲಿಡಲು ಅಂಜುತ್ತಿದ್ದೆ. ಆ ಕುಟುಂಬದ ಅಜ್ಜಿಯೇ ಕಾತ್ಯಾಯಿನಿ. ಮುಖ ನೀವು ನೋಡಿಯೇ ಇರುತ್ತೀರಿ, ಹೆಸರು ನೆನಪಿರಲಿಕ್ಕಿಲ್ಲ.

ಹದಿನಾಲ್ಕಕ್ಕೆ ನಾಟಕ ಕಂಪನಿ, ಹತ್ತೊಂಬತ್ತಕ್ಕೆ ಸಿನಿಮಾ, ಎರಡನೆಯ ಚಿತ್ರಕ್ಕೇ ರಾಜ್ಯ ಪ್ರಶಸ್ತಿ. ಮೂವತ್ತೆರಡಕ್ಕೆ, ತಮಗಿಂತ ಎರಡು ವರ್ಷ ದೊಡ್ಡವನಾದ ನಾಯಕನಿಗೆ ತಾಯಿ. ಅಲ್ಲಿಂದ ಮುಂದೆ ಅಳುವುದೇ ಉದ್ಯೋಗ: ಮಗ ಜೈಲಿಗೆ ಹೋದರೂ ಅಳು, ಬಿಡುಗಡೆಯಾದರೂ ಅಳು. ಇದೆಲ್ಲ ಅವರೇ ನಮ್ಮ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಹೇಳಿದ್ದು. ಶಾಟ್ ಇಲ್ಲದಾಗ ಮೇಲೆ ಬಂದು ಸುಮಿತ್ರಾಳ ಜೊತೆ ಕೂರುತ್ತಿದ್ದರು. ನಾನು ಪೇಪರು ಓದುವವನಂತೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ.

"ಬಾಯ್ತುಂಬ ಒಂದು ಡೈಲಾಗ್ ಹೇಳಿ ಹತ್ತು ವರ್ಷ ಆಯ್ತು ಸುಮಿತ್ರಾ," ಎಂದರು ಒಮ್ಮೆ. "ಮಾತೆಲ್ಲ ಬೇರೆಯವರು ಆಡ್ತಾರೆ. ನಾನು ಬಾಗಿಲ ಹತ್ರ ನಿಂತು ಕಣ್ಣರಳಿಸ್ತೀನಿ."

ಆಮೇಲೆ ಕಥೆಯಲ್ಲಿ ಅಜ್ಜಿಯನ್ನು ಸಾಯಿಸುವುದೆಂದು ತೀರ್ಮಾನವಾಯಿತು. ನಿರ್ದೇಶಕ ಒಳ್ಳೆಯವನು, ಹೋಗುವವರಿಗೆ ಒಂದು ದೊಡ್ಡ ದೃಶ್ಯವಿರಲಿ ಎಂದು ಮೂರು ಪುಟ ಮಾತು ಬರೆಸಿದ. ಕಾತ್ಯಾಯಿನಿಯವರು ಹದಿನೈದು ದಿನ ನಮ್ಮ ತಾರಸಿಯ ಮೇಲೆ ಓಡಾಡಿ ಅದನ್ನು ಬಾಯಿಪಾಠ ಮಾಡಿದರು. ಇದೊಂದು ಮಾಡಿಬಿಟ್ಟರೆ ಸಾಕು, ಇನ್ನು ಬಣ್ಣ ಹಚ್ಚುವುದಿಲ್ಲ ಎಂದು ಹೇಳಿಕೊಂಡಿದ್ದರು. ಅವರ ಮುಖದಲ್ಲಿ ಅಷ್ಟು ಖುಷಿಯನ್ನು ನಾನು ಬೇರೆ ಯಾವತ್ತೂ ನೋಡಲಿಲ್ಲ.

ಆದರೆ ಕರಾರಿನಲ್ಲಿ ನಾನು ಬರೆಸಿದ್ದ ಷರತ್ತೊಂದಿತ್ತು: ಮನೆಯೊಳಗೆ ಸಾವಿನ ದೃಶ್ಯ ಕೂಡದು. ಅದನ್ನು ಸಡಿಲಿಸಿ ಎಂದು ಕೇಳಲು ಅವರೇ ಮೇಲೆ ಬಂದರು. ಸುಮಿತ್ರಾ ಆವತ್ತು ಕತ್ರಿಗುಪ್ಪೆಯ ತಂಗಿಯ ಮನೆಗೆ ಹೋಗಿದ್ದಳು.

"ಸತ್ತ ಶಾಟ್ ಆದ್ಮೇಲೆ ಎದ್ದು ಕೂತು ಕ್ಯಾಮೆರಾ ನೋಡಿ ನಗ್ತೀವಿ ಸಾರ್," ಎಂದರು. "ಆ ನಗೂನೂ ಶೂಟ್ ಮಾಡ್ತಾರೆ. ದೋಷ ಏನಿದ್ರೂ ಅಲ್ಲಿಗೆ ಹೋಯ್ತು. ನಮ್ಮಲ್ಲಿ ಎಲ್ರೂ ಹಾಗೇ ಮಾಡೋದು."

ಬಡಾವಣೆಯ ಸಂಘದಲ್ಲಿ ಮೂಢನಂಬಿಕೆಯ ವಿರುದ್ಧ ಮೈಕು ಹಿಡಿದು ಮಾತಾಡಿದವನು ನಾನು. ಹಾಗಾಗಿ ನನಗೆ ಹೆದರಿಕೆ ಎಂದು ಹೇಳುವಂತಿರಲಿಲ್ಲ. "ನಂದೇನಿಲ್ಲ ಮೇಡಂ, ಸುಮಿತ್ರಾ ಒಪ್ಪಲ್ಲ," ಎಂದುಬಿಟ್ಟೆ. ಅವಳನ್ನು ನಾನು ಕೇಳಿಯೇ ಇರಲಿಲ್ಲ.

ನಾಳೆಯ ಕಂತನ್ನು ಇವತ್ತು ಚಿತ್ರೀಕರಿಸುವ ಜನ. ಬೇರೆ ಮನೆ ಹುಡುಕಲು ಅವರಿಗೆಲ್ಲಿಯ ಪುರುಸೊತ್ತು? ಕಥೆಯಲ್ಲಿ ಅಜ್ಜಿ ಕಾಶಿಯಾತ್ರೆಗೆ ಹೋದಳು, ಅಲ್ಲೇ ತೀರಿಕೊಂಡಳೆಂದು ಫೋನ್ ಬಂತು, ಸೊಸೆ ಫೋನು ಹಿಡಿದು ಅತ್ತಳು. ಮೂರು ಪುಟದ ಮಾತು ಕಾತ್ಯಾಯಿನಿಯವರಲ್ಲೇ ಉಳಿಯಿತು.

ಶೂಟಿಂಗಿನ ಕೊನೆಯ ದಿನ ಮೇಲೆ ಬಂದವರು ಸುಮಿತ್ರಾ ಇದ್ದ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಾನು ಹೊರಗೆ ಹಾಲಿನಲ್ಲಿದ್ದೆ. ಹತ್ತು ನಿಮಿಷ ತಗ್ಗಿದ ದನಿಯೊಂದು ಕೇಳುತ್ತಿತ್ತು; ಒಂದು ಮಾತೂ ಬಿಡಿಸಿ ತಿಳಿಯಲಿಲ್ಲ. ಆಮೇಲೆ ನಿಶ್ಶಬ್ದ. ಎದ್ದು ಹೋಗಿ ನೋಡಲೇ ಎಂದುಕೊಳ್ಳುವಷ್ಟರಲ್ಲಿ ಅವರ ನಗು ಕೇಳಿತು. ಬರ್ತೀನಿ ಸಾರ್ ಎಂದು ಹೊರಟುಹೋದರು. ಸುಮಿತ್ರಾ ನೆಲದ ಮೇಲೆ ಕೂತೇ ಇದ್ದಳು, ಕಣ್ಣು ಕೆಂಪಾಗಿತ್ತು. ಏನಾಯಿತೆಂದು ಕೇಳಿದರೆ, ಅಜ್ಜಿ ಸತ್ತರು ಎಂದಷ್ಟೇ ಹೇಳಿ ಒಲೆ ಹಚ್ಚಿದಳು.

ಅವರು ಮತ್ತೆ ನಟಿಸಲಿಲ್ಲ. ತೀರಿಕೊಂಡ ದಿನ ಟೀವಿಯವರು ಬೆಳಗಿನಿಂದ ಹಳೆಯ ತುಣುಕುಗಳನ್ನು ತೋರಿಸಿದರು. ಎಲ್ಲದರಲ್ಲೂ ಅಳುತ್ತಿದ್ದರು.

ಮೊನ್ನೆ ಮದುವೆ ಮುಗಿಸಿ ಆಟೋದಲ್ಲಿ ಬರುವಾಗ, ತಡೆಯಲಾರದೆ ಸುಮಿತ್ರಾಳಿಗೆ ಹೇಳಿಬಿಟ್ಟೆ: ಅವತ್ತು ಬೇಡ ಎಂದವನು ನಾನು, ಹೆಸರು ಮಾತ್ರ ನಿನ್ನದು ಹೇಳಿದೆ.

ಅವಳು ರಸ್ತೆಯನ್ನೇ ನೋಡುತ್ತಿದ್ದಳು. "ಗೊತ್ತು. ಅಡುಗೆಮನೆಗೆ ಬಂದವರೇ ಅದನ್ನೇ ಕೇಳಿದ್ರು. ನಾನು ಸತ್ತಂಗೆ ಮಾಡಿದ್ರೆ ನಿಂಗೆ ಅಷ್ಟು ಭಯಾನಾ ಸುಮಿತ್ರಾ ಅಂತ."

"ನೀನೇನಂದೆ?"

"ಹೂಂ, ಭಯ ಅಂದೆ. ನಮ್ಮೆಜಮಾನ್ರು ಸುಳ್ಳು ಹೇಳಿದ್ದಾರೆ ಅನ್ನೋಕಾಗುತ್ತಾ? ಅದಕ್ಕೇ ಅವರು ಪೂರ್ತಿ ಮಾಡಿ ತೋರಿಸಿ, ಎದ್ದು ಕೂತು ನಕ್ಕಿದ್ದು. ನನ್ ಭಯ ಹೋಗ್ಲಿ ಅಂತ."

ಆ ಮೂರು ಪುಟದಲ್ಲಿ ಅಜ್ಜಿ ಏನು ಹೇಳಿದಳು ಎಂದು ಕೇಳಬೇಕೆನಿಸಿತು. ಕೇಳುವ ಮುಖ ನನಗಿರಲಿಲ್ಲ.